1 ಎಕರೆ 13 ಗುಂಟೆಯ ಆಟ

ಬೆಳಗ್ಗೆ ಹತ್ತಕ್ಕೆ ಮ್ಯಾನೇಜರ್ 'ಹಡಲ್'ಗೆ ಕರೀತಾರೆ. ತಲೆನೋವಿನ ಕೆಲಸ ಬಂದರೆ 'ಮುಂದಿನ ಸ್ಪ್ರಿಂಟ್‌ಗೆ ಪಂಟ್ ಮಾಡೋಣ' ಅಂತೀವಿ. ರಿಲೀಸ್‌ನ ಹಿಂದಿನ ರಾತ್ರಿಯ ಕೊನೇ ಪ್ರಯತ್ನಕ್ಕೆ 'ಹೇಲ್ ಮೇರಿ' ಅಂತ ಹೆಸರಿಡ್ತೀವಿ. ಇವೆಲ್ಲ ಅಮೆರಿಕನ್ ಫುಟ್‌ಬಾಲ್ ಮೂಲಕ ನಮ್ಮ ಆಫೀಸಿಗೆ ಬಂದ ಮಾತುಗಳು. ಮಾತು ಬಂತು, ಆಟ ಬರಲಿಲ್ಲ. 2012ರಲ್ಲಿ 'ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ' ಅಂತ ಒಂದು ಲೀಗ್ ಆಡಿತು, ಅದರಲ್ಲಿ ಬೆಂಗಳೂರು ವಾರ್‌ಹಾಕ್ಸ್ ಅನ್ನೋ ತಂಡವೂ ಇತ್ತು. ಬೇರು ಬಿಡಲಿಲ್ಲ.

ನೋಡೋಣ ಅಂತ ಕೂತವರೂ ಕಾಲು ಗಂಟೆಗೆ ಎದ್ದು ಹೋಗ್ತಾರೆ. ಇದಕ್ಕೆ ಪರಿಚಯ ಮಾಡಿಸೋರೇ ಕಾರಣ ಅನ್ನೋದು ನನ್ನ ತಕರಾರು. ತಂಡಕ್ಕೆ 11 ಮಂದಿ, ಟಚ್‌ಡೌನ್‌ಗೆ 6 ಅಂಕ, ಫೀಲ್ಡ್ ಗೋಲ್‌ಗೆ 3, ತಲಾ 15 ನಿಮಿಷದ ನಾಲ್ಕು ಕ್ವಾರ್ಟರ್ ಅಂತ ಪರೀಕ್ಷೆಗೆ ಓದಿಸಿದ ಹಾಗೆ ಓದಿಸ್ತಾರೆ. ಜಗಳ ಯಾತಕ್ಕೆ ಅನ್ನೋದನ್ನ ಮಾತ್ರ ಹೇಳೋದಿಲ್ಲ. ಊರು ಸುಳ್ಳ ಆದರೂ ಖರೇ ಹೇಳ್ತೀನಿ ಕೇಳ್ರಿ: ಇದು ಜಮೀನಿನ ಜಗಳ.

ಮೈದಾನ ಎರಡೂ ತುದಿಯ ಎಂಡ್ ಝೋನ್ ಸೇರಿ 360 ಅಡಿ ಉದ್ದ, 160 ಅಡಿ ಅಗಲ. ನಮ್ಮ ಲೆಕ್ಕಕ್ಕೆ ತಂದರೆ ಸುಮಾರು 1 ಎಕರೆ 13 ಗುಂಟೆ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ 'ಡೌನ್' ಅಂತ ಹೆಸರು. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗ್ತವೆ, ಇಲ್ಲಾಂದ್ರೆ ಚೆಂಡು ಎದುರಿನವರ ಪಾಲು. 10 ಗಜ ಅಂದರೆ 30 ಅಡಿ. ಗುಂಟೆಯ ಒಂದು ಬದಿ 33 ಅಡಿ. ಅದಕ್ಕಿಂತ ಒಂದು ಗಜ ಕಡಿಮೆ ದೂರಕ್ಕಾಗಿ 22 ಮಂದಿ ಗುದ್ದಾಡ್ತಾರೆ.

ಸಂಶಯ ಬಂದರೆ ಎರಡು ಕೋಲಿಗೆ ಕಟ್ಟಿದ 10 ಗಜದ ಸರಪಳಿಯನ್ನ ಮೈದಾನದೊಳಗೆ ತಂದು ಅಳೆಯೋದು ಪದ್ಧತಿ. ಅಲ್ಲಿನ 32 ತಂಡಗಳ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 2025ರಿಂದ ಈ ಅಳತೆಯನ್ನ ಕ್ಯಾಮೆರಾಗಳಿಗೆ ಒಪ್ಪಿಸಿದೆ, ಸರಪಳಿ ಆಸರೆಗೆ ಬದಿಯಲ್ಲಿ ನಿಂತಿದೆ. ಎರಿ ಹೊಲದಲ್ಲಿ ಸರ್ವೇದವರು ಚೈನ್ ಎಳೆಯುವಾಗ ಬದುವಿನ ಮೇಲೆ ಉಸಿರು ಬಿಗಿಹಿಡಿದು ನಿಂತವರನ್ನ ನೋಡಿದವರಿಗೆ ಈ ಆಟದ ಬಿಸಿ ಬೇರೆ ವಿವರಿಸಬೇಕಾಗಿಲ್ಲ. ನಾಲ್ಕನೇ ಡೌನ್‌ಗೆ ಬಂದಾಗ 'ಇನ್ನು ನಮ್ಮಿಂದ ಆಗಲ್ಲ' ಅನಿಸಿದರೆ ಚೆಂಡನ್ನ ಒದ್ದು ಎದುರಾಳಿಯನ್ನ ದೂರಕ್ಕೆ ತಳ್ತಾರೆ. ಅದೇ ಪಂಟ್. ಅಂದರೆ ಪಂಟ್ ಅನ್ನೋದು ಕೆಲಸ ಮುಂದೂಡೋದಲ್ಲ. ಚೆಂಡು ಬಿಟ್ಟುಕೊಟ್ಟು ನೆಲ ಉಳಿಸಿಕೊಳ್ಳೋ ಲೆಕ್ಕಾಚಾರ.

'ಬರೀ ನಿಲ್ಲಿಸೋದೇ ಆಯ್ತಲ್ಲ' ಅನ್ನೋದು ಎಲ್ಲರ ದೂರು. ದೂರಿನಲ್ಲಿ ಹುರುಳಿದೆ. ದಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2010ರಲ್ಲಿ ಲೆಕ್ಕ ಹಾಕಿದಾಗ ಮೂರು ತಾಸಿನ ಪ್ರಸಾರದಲ್ಲಿ ಚೆಂಡು ಆಟದಲ್ಲಿದ್ದದ್ದು ಸುಮಾರು 11 ನಿಮಿಷ. ಆದರೆ ಆ ಬಿಡುವು ಖಾಲಿ ಅಲ್ಲ. ಇಬ್ಬರೂ ಮುಂದಿನ ನಡೆ ಹೂಡೋದು ಆಗಲೇ. ಹಡಲ್ ಹುಟ್ಟಿದ ಕತೆಯೇ ಇದಕ್ಕೆ ಸಾಕ್ಷಿ. 1890ರ ದಶಕದಲ್ಲಿ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನ ಕಿವುಡ ಆಟಗಾರರು ತಮ್ಮ ಕೈಸನ್ನೆ ಎದುರಾಳಿಗೆ ಕಾಣಬಾರದು ಅಂತ ಮೈಗೆ ಮೈ ಹಚ್ಚಿ ಸುತ್ತುಗಟ್ಟಿ ನಿಂತದ್ದರಿಂದ ಅದು ಬಂತು ಅಂತಾರೆ. ಕೆಟ್ಟದ್ದು ಬಿಡುವಲ್ಲ, ಅದನ್ನ ಜಾಹೀರಾತಿಗೆ ಮಾರಿಕೊಂಡ ಪ್ರಸಾರ. ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತೆ, ಉಳಿದವರು ಚೌಕಟ್ಟಿನಿಂದ ಹೊರಗೆ. 22 ಮಂದಿಯೂ ಕಾಣುವ ಎತ್ತರದ ದೃಶ್ಯವನ್ನ ಎನ್‌ಎಫ್‌ಎಲ್ ಸಾಮಾನ್ಯ ಪ್ರೇಕ್ಷಕರಿಗೆ ಕೊಟ್ಟದ್ದು 2012ರಲ್ಲಿ.

ಈಗ ನನ್ನ ದೊಡ್ಡ ತಕರಾರಿಗೆ ಬರ್ತೀನಿ. ಕಬಡ್ಡಿಯೂ ನೆಲದ ಆಟವೇ. ಆದರೆ ಗೆರೆ ದಾಟಿದ ರೇಡರ್‌ಗೆ 30 ಸೆಕೆಂಡು, ಒಂದು ಉಸಿರು, ತನ್ನದೇ ತಲೆ. 2019ರ ಜನವರಿ 5ರಂದು ಪ್ರೊ ಕಬಡ್ಡಿ ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಅಂಕ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟಾಗ, ರೇಡ್ ನಡುವೆ ಅವರ ಕಿವಿಯೊಳಗೆ ಯಾರೂ ಮಾತಾಡ್ತಿರಲಿಲ್ಲ. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗೆ ಕೋಚ್‌ನ ರೇಡಿಯೊ ಇದೆ. ನಡೆ ಹೊರಗಿಂದ ಬರುತ್ತೆ, ಒಳಗಿನವರು ಎಕ್ಸಿಕ್ಯೂಟ್ ಮಾಡ್ತಾರೆ. ನಮ್ಮ ಟಿಕೆಟ್ ಸಿಸ್ಟಮ್ ನೆನಪಾಗಲಿಲ್ಲವೇ?

ಕ್ವಾರ್ಟರ್‌ಬ್ಯಾಕ್‌ಗಾದರೂ ಹೆಸರಿದೆ, ದುಡ್ಡಿದೆ. ಅವನ ಮುಂದೆ ಸಾಲಾಗಿ ಬಾಗಿ ನಿಲ್ಲೋ ಐದು ದಡೂತಿ ಆಳುಗಳನ್ನ ನೋಡ್ರಿ: ಆಫೆನ್ಸಿವ್ ಲೈನ್. ಚೆಂಡನ್ನ ಹಿಂದಕ್ಕೆ ಕೊಡೋ ಸೆಂಟರ್ ಬಿಟ್ಟರೆ ಉಳಿದ ನಾಲ್ವರಿಗೆ ಚೆಂಡು ಮುಟ್ಟೋ ಯೋಗವೂ ಇಲ್ಲದಷ್ಟು ಅಪರೂಪ. ಪ್ರತೀ ಡೌನ್‌ಗೂ ಡಿಕ್ಕಿ ಹೊಡೆದು ಜಾಗ ಮಾಡಿಕೊಡೋದು ಇವರ ಕೆಲಸ. ಉತ್ತೋರು ಇವರು, ಒಡೆಯರು ಬೇರೆ. 'ಉಳುವವನೇ ಒಡೆಯ' ಅಂತ 1974ರಲ್ಲಿ ಕಾನೂನನ್ನೇ ಜಾರಿ ಮಾಡಿದ ನಾಡಿನಿಂದ ನೋಡಿದರೆ ಇದು ಕಣ್ಣಿಗೆ ಚುಚ್ಚುತ್ತೆ. ಒಂದೇ ಒಂದು ಅಪವಾದ ಗ್ರೀನ್ ಬೇ ಪ್ಯಾಕರ್ಸ್. 1923ರಿಂದ ಅದು ಊರವರ ಷೇರಿನ ತಂಡ, ಈಗ 5 ಲಕ್ಷಕ್ಕೂ ಹೆಚ್ಚು ಷೇರುದಾರರು, ಲಾಭಾಂಶ ಇಲ್ಲ. ಅಲ್ಲಿಯೂ ಒಡೆಯರು ಊರವರೇ ಹೊರತು ಆಡುವವರಲ್ಲ.

ಆ ಸಾಲಿನಲ್ಲಿ ನಿಂತವರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಸೆಂಟರ್ ಮೈಕ್ ವೆಬ್‌ಸ್ಟರ್ ಒಬ್ಬರು. 2002ರಲ್ಲಿ, 50ನೇ ವಯಸ್ಸಿಗೆ ತೀರಿಕೊಂಡರು. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರ ಮೆದುಳನ್ನ ಪರೀಕ್ಷಿಸಿ, ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಬರೋ ಸಿಟಿಇ ಅನ್ನೋ ಕಾಯಿಲೆಯನ್ನ ಗುರುತಿಸಿ 2005ರಲ್ಲಿ ಪ್ರಕಟಿಸಿದರು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ನೋಡಿದ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳಿನಲ್ಲಿ 110ರಲ್ಲಿ ಅದೇ ಕಾಯಿಲೆ. ದಾನವಾಗಿ ಬಂದ ಮೆದುಳುಗಳವು, ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ಕೊಟ್ಟಿರ್ತಾರೆ. ಹಂಗಾಗಿ ಆಡಿದವರಿಗೆಲ್ಲ ಇದೇ ಗತಿ ಅನ್ನೋಕೆ ಬರಲ್ಲ. ಆದರೂ ಆ ಸಂಖ್ಯೆ ಕೇಳಿದ ಮೇಲೆ 'ಎಂಥಾ ಹೊಡೆತ!' ಅನ್ನೋ ಕಾಮೆಂಟರಿ ಮೊದಲಿನಂತೆ ಕೇಳಿಸೋದಿಲ್ಲ.

ಹಾಗಾದರೆ ನೋಡಲೇಬಾರದಾ? ನೋಡ್ರಿ. ಈ ಆಟ ಬದಲಾಗಬಲ್ಲದು ಅನ್ನೋದಕ್ಕೆ ಅದರ ಚರಿತ್ರೆಯೇ ಪುರಾವೆ. 1905ರಲ್ಲಿ ಆಟಗಾರರು ಸಾಲು ಸಾಲಾಗಿ ಸತ್ತಾಗ ಗದ್ದಲ ಎದ್ದು, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನ ಕರೆಸಿ ಮಾತಾಡಬೇಕಾಯಿತು. ಮರುವರ್ಷ ಚೆಂಡನ್ನ ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು, ಗುಂಪಾಗಿ ಗುದ್ದೋದು ಸ್ವಲ್ಪ ಸಡಿಲವಾಯಿತು. ಇವತ್ತು ಜಗತ್ತು ಬಾಯಿ ಬಿಟ್ಟು ನೋಡೋ ಆ ಉದ್ದನೆಯ ಪಾಸ್ ಹುಟ್ಟಿದ್ದು ಸಾವಿಗೆ ಹೆದರಿ. ಅಂದರೆ ಆಟವನ್ನ ಪ್ರೀತಿಸೋದು, ತಕರಾರು ತೆಗೆಯೋದು ಎರಡೂ ಜೊತೆಗೇ ನಡೀಬೇಕು.

ಫೆಬ್ರುವರಿಯಲ್ಲಿ ಸೂಪರ್ ಬೌಲ್ ಬರುತ್ತೆ, ನಮಗೆ ಸೋಮವಾರ ನಸುಕಿನ 5 ಗಂಟೆ. ಚಹಾ ಮಾಡಿಕೊಂಡು ಕೂಡ್ರಿ. ಒಂದು ಕ್ವಾರ್ಟರ್ ಚೆಂಡನ್ನ ಮರೆತುಬಿಡ್ರಿ, ಮುಂದಿನ ಸಾಲಿನ ಐದು ಮಂದಿಯ ಮೇಲಷ್ಟೇ ಕಣ್ಣಿಡ್ರಿ. ಚೆಂಡು ಹಿಡಿದು ಓಡೋ ಡೌನ್‌ನಲ್ಲಿ ಅವರು ಒಂದು ಹೆಜ್ಜೆ ಮುಂದೆ ಸರಿದರೆ ಆ ಡೌನ್ ಬಹುಮಟ್ಟಿಗೆ ಗೆದ್ದಂತೆ, ಹಿಂದೆ ಸರಿದರೆ ಸೋತಂತೆ. ಕಾಮೆಂಟರಿಯವರು ಹೇಳೋದಕ್ಕಿಂತ ಮೊದಲೇ ನಿಮಗೆ ಗೊತ್ತಾಗಿರುತ್ತೆ.