ತರಗೆಲೆಯ ತರತಮ

ಮನೆಯಲ್ಲೇ ಗೊಬ್ಬರ ಮಾಡಬೇಕೆಂದು ಮನಸ್ಸು ಮಾಡಿದವರು ಮೊದಲು ಕೇಳುವುದು ಯಾವ ಡಬ್ಬ ಕೊಳ್ಳೋಣ ಅಂತ. ಮಣ್ಣಿನದೋ ಪ್ಲಾಸ್ಟಿಕ್ಕಿನದೋ, ಎರಡು ಅಂತಸ್ತಿನದೋ ಮೂರು ಅಂತಸ್ತಿನದೋ, ಕೆಳಗೆ ನಲ್ಲಿ ಬೇಕೋ ಬೇಡವೋ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಬೀದಿಯಲ್ಲಿರುವುದು ಯಾವ ಮರ? ಬಹಳ ಮಂದಿಗೆ ಗೊತ್ತಿರುವುದಿಲ್ಲ. ಕಾರಿನ ಮೇಲೆ ಏನೋ ಉದುರಿ ಗಲೀಜಾಗುತ್ತದೆ ಎಂಬುದಷ್ಟೇ ಗೊತ್ತು. ಆ ಉದುರುವುದೇ ಗೊಬ್ಬರದ ಅರ್ಧ ಸಾಮಾನು. ಉಳಿದರ್ಧ ಅಡುಗೆಮನೆಯಲ್ಲಿ ದಿನವೂ ತಾನಾಗಿ ಹುಟ್ಟುತ್ತದೆ. ಅದಕ್ಕೆ ಯಾರೂ ಪರದಾಡಬೇಕಿಲ್ಲ.

ಡಬ್ಬ ನಾರಿತು, ಹುಳ ಬಿತ್ತು, ಅತ್ತೆ ಬೈದರು, ಪಕ್ಕದ ಮನೆಯವರು ಜಗಳಕ್ಕೆ ಬಂದರು ಎಂದು ಕೈಬಿಟ್ಟವರ ಕತೆಗಳನ್ನು ಕೇಳಿ ನೋಡಿ. ಬಹುಪಾಲು ಕತೆಗಳ ಒಳಗಿನ ಕಾರಣ ಒಂದೇ, ಎಲೆ ಸಾಲದೆ ಹೋಗಿದ್ದು. ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಸೋಸಿದ ಟೀ ಪುಡಿ ಇವುಗಳಲ್ಲಿ ನೀರೂ ಜಾಸ್ತಿ, ಸಾರಜನಕವೂ ಜಾಸ್ತಿ. ಇವನ್ನು ಗೊಬ್ಬರ ಮಾಡುವ ಜೀವಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಆ ಇಂಗಾಲ ಧಾರಾಳವಾಗಿರುವುದು ಒಣ ಎಲೆಯಲ್ಲಿ. ಉದ್ದಿಗೂ ಅಕ್ಕಿಗೂ ಅಳತೆ ತಪ್ಪಿದರೆ ದೋಸೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಅಳತೆ ಕೆಟ್ಟಿದ್ದು ಮೂಗಿಗೇ ತಿಳಿಯುತ್ತದೆ. ಅಮೋನಿಯಾದ ಘಾಟು ಬಂದರೆ ಸಾರಜನಕ ಮಿತಿಮೀರಿದೆ ಎಂದು ಅರ್ಥ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಕಟ್ಟಿಕೊಂಡು ಗಾಳಿ ಆಡುತ್ತಿಲ್ಲ. ಎರಡಕ್ಕೂ ಮದ್ದು ಎಲೆಯೇ. ನಾಲ್ಕು ಹಿಡಿ ಹಾಕಿ ಚೆನ್ನಾಗಿ ಕೈಯಾಡಿಸಿ, ಎರಡು ದಿನ ಮುಚ್ಚಳ ಓರೆ ಮಾಡಿಡಿ, ಸಾಕು.

ಸರಿಯಾಗಿ ನಡೆಯುತ್ತಿರುವ ಡಬ್ಬಕ್ಕೆ ಮೊದಲ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ. ಇದು ಕವಿಸಮಯ ಅಲ್ಲ. ಎರಡೂ ಕಡೆ ಆ ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ; ಅದನ್ನು ತಯಾರಿಸುವುದು ಆಕ್ಟಿನೊಮೈಸೀಟ್ಸ್ ಎಂಬ ಜೀವಾಣುಗಳು. ಎಲೆಗಳ ನಡುವೆ ಬೂದಿಬಣ್ಣದ ಎಳೆಗಳು ಹಬ್ಬಿದ್ದನ್ನು ಕಂಡು ಬೂಷ್ಟು ಹಿಡಿಯಿತು ಎಂದು ಗಾಬರಿಯಾಗುವವರಿದ್ದಾರೆ. ಗಾಬರಿ ಬೇಡ, ಅವು ಅಲ್ಲಿ ಇರಬೇಕಾದವೇ.

ಎಲೆಯ ಆಯ್ಕೆಯಲ್ಲಿ ನನಗೆ ಸ್ವಲ್ಪ ಮಡಿವಂತಿಕೆ ಇದೆ. ಸಿಕ್ಕಿದ್ದನ್ನೆಲ್ಲ ಬಾಚಿ ತುಂಬುವವರ ಬಗ್ಗೆ ದೂರಿಲ್ಲ, ಆದರೆ ಎಲೆಯೆಂದರೆ ಎಲ್ಲವೂ ಒಂದಲ್ಲ. ನನ್ನ ಲೆಕ್ಕದಲ್ಲಿ ಮೊದಲ ಮಣೆ ಹೊಂಗೆಗೆ. ನಮ್ಮ ರೈತರು ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿದು ಹಸಿರೆಲೆ ಗೊಬ್ಬರ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಅವರೆ, ತೊಗರಿಯ ಕುಟುಂಬಕ್ಕೆ ಸೇರಿದ ಮರ. ಒಣಗಿ ಉದುರಿದ ಮೇಲೂ ಎಲೆಯಲ್ಲಿ ಸಾರ ಉಳಿದಿರುತ್ತದೆ. ಹಿಸುಕಿದರೆ ಪುಡಿಯಾಗುತ್ತದೆ, ಡಬ್ಬದಲ್ಲಿ ಬೇಗ ಕರಗುತ್ತದೆ, ಗೊಬ್ಬರಕ್ಕೆ ಒಳ್ಳೆ ಕಪ್ಪು ಬಣ್ಣ ಕೊಡುತ್ತದೆ. ಎರಡನೆಯದು ಮಳೆಮರ. ಅದರ ಎಲೆ ಎಷ್ಟು ಚಿಕ್ಕದೆಂದರೆ ಪುಡಿ ಮಾಡುವ ಕೆಲಸವೇ ಇಲ್ಲ. ಗುಡಿಸಿದ್ದನ್ನು ಹಾಗೇ ಚೀಲಕ್ಕೆ ತುಂಬಬಹುದು. ಮಳೆಮರದ ಸಾಲಿರುವ ರಸ್ತೆಯವರು ಪುಣ್ಯವಂತರು. ದೋಷವೂ ಆ ಚಿಕ್ಕತನದಲ್ಲೇ ಇದೆ: ನೀರು ಕುಡಿದರೆ ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಿ ಗಾಳಿಯನ್ನು ತಡೆಯುತ್ತದೆ. ಗುಲ್‌ಮೊಹರ್‌ಗೂ ಇದೇ ಗುಣ, ಇದೇ ದೋಷ. ಆದ್ದರಿಂದ ಇವಕ್ಕೆ ಒಂದಿಷ್ಟು ಒರಟು ಎಲೆ ಬೆರೆಸಬೇಕು. ಒರಟಿಗೆ ನನ್ನ ಆಯ್ಕೆ ಬಿದಿರೆಲೆ. ಅದರಲ್ಲಿ ಸಿಲಿಕಾ ಹೆಚ್ಚು, ಬೇಗ ಕೊಳೆಯುವುದಿಲ್ಲ, ಅಷ್ಟು ದಿನವೂ ಒಳಗೆ ಗಾಳಿಗೆ ದಾರಿ ಬಿಟ್ಟುಕೊಂಡು ನಿಂತಿರುತ್ತದೆ.

ಮಾವು, ಹಲಸು ದಪ್ಪ ಚರ್ಮದವು. ಕೊಟ್ಟೆ ಕಟ್ಟಿ ಹಬೆಯಲ್ಲಿ ಕಡುಬು ಬೇಯಿಸಿದರೂ ಜಗ್ಗದ ಹಲಸಿನೆಲೆ ಡಬ್ಬದೊಳಗೆ ಸುಮ್ಮನೆ ಬಗ್ಗೀತೇ? ಪುಡಿ ಮಾಡದೆ ಹಾಕಿದರೆ ಆರು ತಿಂಗಳಾದರೂ ನರ ಸಮೇತ ಹಾಗೇ ಸಿಗುತ್ತದೆ. ತೇಗದ ಎಲೆ ಅಗಲ. ಇಡಿಯಾಗಿ ಹಾಕಿದರೆ ನೀರಿಗೂ ಗಾಳಿಗೂ ಅಡ್ಡ ಮಲಗುತ್ತದೆ, ಬಿಸಿಲಲ್ಲಿ ಗರಿಗರಿಯಾದ ಮೇಲೆ ಪುಡಿ ಮಾಡಿದರೆ ಮಾತ್ರ ಒಳ್ಳೆಯದು. ಕಾಂಪೌಂಡಿನ ಉದ್ದಕ್ಕೂ ನೆಡುವ ಕಂಬದಂಥ ಅಶೋಕದ ಎಲೆ ನನ್ನ ಪಟ್ಟಿಯಲ್ಲಿ ಕೊನೆಯದು: ನುಣುಪು, ಬಿಗಿ, ಮೊಂಡು. ನೀಲಗಿರಿಯನ್ನು ಅದರ ಎಣ್ಣೆಯ ಕಾರಣಕ್ಕೆ ದೂರ ಇಡುತ್ತೇನೆ. ಬೇವಿನ ಬಗ್ಗೆ ಜನರಿಗೆ ಅನಗತ್ಯ ಭಯ. ಒಣಗಿದ ಬೇವಿನೆಲೆ ಬೇರೆ ಎಲೆಗಳ ಜೊತೆ ಬೆರೆತು ಹೋದರೆ ಗೊಬ್ಬರಕ್ಕೆ ಏನೂ ಆಗುವುದಿಲ್ಲ.

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕೃಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಿದ ಎಂದು ನಾವೆಲ್ಲ ಹೊಗಳುತ್ತೇವೆ. ಹೂವಿನ ಫೋಟೋಗಳಿಗೂ ಬರವಿಲ್ಲ. ಎಲೆಯೂ ಸರದಿಯಲ್ಲೇ ಉದುರುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಮಾಗಿಯ ಚಳಿ ಇಳಿಯುವಾಗ ಶುರುವಾಗಿ ಯುಗಾದಿಯ ಹೊತ್ತಿನವರೆಗೆ ಒಂದಾದ ಮೇಲೊಂದು ಮರ ಬೋಳಾಗುತ್ತ ಬರುತ್ತದೆ. ಅದೇ ಸುಗ್ಗಿ. ಮಳೆ ಹಿಡಿದ ಮೇಲೆ ಒಣ ಎಲೆ ಸಿಗುವುದಿಲ್ಲ, ಸಿಕ್ಕಿದ್ದೂ ತೊಯ್ದಿರುತ್ತದೆ. ಹಾಗಾಗಿ ಮೂರು ತಿಂಗಳಲ್ಲಿ ವರ್ಷದ ದಾಸ್ತಾನು ಮಾಡಬೇಕು. ಪುಡಿ ಮಾಡಿ ಒತ್ತಿ ತುಂಬಿದರೆ ನಾಲ್ಕು ಜನರ ಮನೆಗೆ ಆರೇಳು ಗೋಣಿಚೀಲ ಸಾಕು. ಪುಡಿ ಮಾಡಲು ಯಂತ್ರ ಬೇಡ. ಎಲೆ ತುಂಬಿದ ಚೀಲವನ್ನು ಮಧ್ಯಾಹ್ನದ ಬಿಸಿಲಲ್ಲಿ ಕೆಡವಿ ಮೇಲೆ ಮಕ್ಕಳನ್ನು ಕುಣಿಯಲು ಬಿಡಿ. ಚರಂಡಿ ಅಂಚಿನ ಎಲೆ ತರಬೇಡಿ, ಗುಟ್ಕಾ ಚೀಟಿ ಸಿಗರೇಟು ತುಂಡು ಆರಿಸಿ ಬಿಸಾಡಿ, ಚೀಲವನ್ನು ನೆಲಕ್ಕೆ ತಾಗದ ಹಾಗೆ ಇಟ್ಟಿಗೆಯ ಮೇಲಿಡಿ. ಒಲೆ, ದೀಪ, ಗ್ಯಾಸ್ ಸಿಲಿಂಡರಿನ ಹತ್ತಿರ ಮಾತ್ರ ಖಂಡಿತ ಬೇಡ.

ಎಲೆ ಇದ್ದವರಿಗೆ ಉಳಿದ ಕೆಲಸ ಸುಲಭ. ಒಂದು ಬಟ್ಟಲು ಹಸಿ ಕಸಕ್ಕೆ ಒಂದರಿಂದ ಒಂದೂವರೆ ಬಟ್ಟಲು ಎಲೆಪುಡಿ. ಮೇಲೆ ಯಾವತ್ತೂ ಎಲೆಯ ಹೊದಿಕೆ. ಸಿಪ್ಪೆ ಕಣ್ಣಿಗೆ ಬೀಳುವಂತಿದ್ದರೆ ಹಣ್ಣುನೊಣಕ್ಕೂ ಕಂಡಿದೆ ಅಂತಲೇ ಲೆಕ್ಕ. ಹಿಡಿಯಲ್ಲಿ ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಒಸರಬೇಕು, ಧಾರೆ ಇಳಿಯಬಾರದು. ದಪ್ಪ ಬೂದು ಹುಳುಗಳು ಕಂಡರೆ ಅವು ಬ್ಲಾಕ್ ಸೋಲ್ಜರ್ ಎಂಬ ನೊಣದ ಮರಿಗಳು, ಹೊಟ್ಟೆಬಾಕ ಕೆಲಸಗಾರರು. ದೊಡ್ಡದಾದ ನೊಣ ಕಚ್ಚುವುದಿಲ್ಲ. ಅನ್ನ, ಸಾರು, ಮೊಸರು ಮಿಕ್ಕಿದ್ದನ್ನು ಸುರಿಯುವ ಅಭ್ಯಾಸ ಬಿಡಿ. ಅದಕ್ಕೆ ಮದ್ದು ಎಲೆಯಲ್ಲಿಲ್ಲ, ಅಳತೆಯಾಗಿ ಅಡುಗೆ ಮಾಡುವುದರಲ್ಲಿದೆ.

ಎಲೆಯ ಬೆಲೆ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಉತ್ತರ ಕನ್ನಡದ ಅಡಿಕೆ ತೋಟಗಳ ಜೊತೆಗೆ ಸೊಪ್ಪಿನ ಬೆಟ್ಟ ಎಂಬ ವ್ಯವಸ್ಥೆಯೇ ಇದೆ: ತೋಟದ ಗೊಬ್ಬರಕ್ಕೆಂದು ಸೊಪ್ಪು, ತರಗು ತರಲು ಹಕ್ಕಿರುವ ಕಾಡು. ಬ್ರಿಟಿಷರ ಕಾಲದ ಅರಣ್ಯ ಕಾನೂನುಗಳೂ ಈ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು. ಬೇಸಿಗೆಯಲ್ಲಿ ದರಕು ಗುಡಿಸಿ ತಂದು, ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲದಲ್ಲಿ ನೆನೆದದ್ದನ್ನು ಗೊಬ್ಬರಗುಂಡಿಗೆ ಎಳೆಯುತ್ತಾರೆ. ಸಗಣಿಯ ಸಾರಜನಕ, ಎಲೆಯ ಇಂಗಾಲ. ನಗರದ ಡಬ್ಬದಲ್ಲಿ ಸಗಣಿಯ ಜಾಗಕ್ಕೆ ಸೌತೆಸಿಪ್ಪೆ ಬಂದಿದೆ, ಅಷ್ಟೇ.

ಬೆಂಗಳೂರಂತೂ ಈ ವಿಷಯದಲ್ಲಿ ಒಂದು ವಿಚಿತ್ರ ಊರು. ಕೃಷಿ ಪುಸ್ತಕಗಳಲ್ಲಿ ಗೊಬ್ಬರ ಮಾಡುವ ಎರಡು ಕ್ರಮಗಳು ಊರಿನ ಹೆಸರಿನಿಂದಲೇ ಪ್ರಸಿದ್ಧ. ಒಂದು ಇಂದೋರ್ ವಿಧಾನ. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದು, ರಾಶಿಯನ್ನು ಆಗಾಗ ತಿರುವಿಹಾಕುವ ಕ್ರಮ. ಇನ್ನೊಂದು 1939ರಲ್ಲಿ ಇಲ್ಲೇ ರೂಪುಗೊಂಡ ಬೆಂಗಳೂರು ವಿಧಾನ. ಗುಂಡಿಯಲ್ಲಿ ಊರಿನ ಕಸವನ್ನೂ ಮಲವನ್ನೂ ಪದರಪದರವಾಗಿ ಹಾಕಿ ಮೇಲೆ ಮಣ್ಣು ಮುಚ್ಚಿ ತಿಂಗಳುಗಟ್ಟಲೆ ಬಿಡುವುದು; ತಿರುವುವ ಶ್ರಮವಿಲ್ಲ. ಪರದೇಶದವರೂ ಓದುವ ಈ ಪಾಠದ ಊರೇ ತನ್ನ ಹಸಿ ಕಸವನ್ನು ಮಾವಳ್ಳಿಪುರ, ಮಂಡೂರುಗಳಿಗೆ ಲಾರಿಗಟ್ಟಲೆ ಸುರಿಯಿತು. ಹಳ್ಳಿಯವರು ಬೀದಿಗಿಳಿದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೂ, 2014ರ ಕೊನೆಗೆ ಮಂಡೂರಿಗೂ ಸುರಿಯುವುದು ನಿಂತಿತು. ಗಾಳಿಯಿಲ್ಲದೆ ಹೂತು ಕೊಳೆಯುವ ಹಸಿ ಕಸದಿಂದ ಮೀಥೇನ್ ಹೊರಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವುದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು. ಗಾಳಿಯಾಡುವ ಡಬ್ಬದ ಕೆಲಸ ಅದನ್ನು ಹುಟ್ಟಲು ಬಿಡದೇ ಇರುವುದು.

2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಆದೇಶದಿಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು. ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಒಳ್ಳೆಯ ಪದ್ಧತಿಯೇ. ಆದರೆ ಈ ಮೂರರಲ್ಲಿ ತರಗೆಲೆಗೆ ಮನೆಯಿಲ್ಲ. ತೋಟದ ಕಸವನ್ನು ನಿಮ್ಮ ಆವರಣದಲ್ಲೇ ಬೇರೆ ಇಡಿ, ಬೀದಿಯಲ್ಲಿ ಕಸ ಸುಡಬೇಡಿ ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಹೇಳಿದರೇನು, ಫೆಬ್ರುವರಿ ಬೆಳಗ್ಗೆ ಯಾವ ಬಡಾವಣೆಯಲ್ಲಿ ನಡೆದರೂ ಮೂಲೆಯಲ್ಲಿ ಹೊಗೆ ಕಾಣುತ್ತದೆ. ಕಡ್ಡಿ ಗೀರಿದವರನ್ನು ಬೈದು ಫಲವಿಲ್ಲ. ಗುಡಿಸಿದ ಎಲೆಯನ್ನು ಕೇಳುವವರು ಯಾರೂ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ಕೆಳಗೆ ಎಲೆ ಉರಿಯುತ್ತಿರುವಾಗ ಮೇಲಿನ ಫ್ಲಾಟಿನವರು ಆನ್‌ಲೈನಿನಲ್ಲಿ ಕೊಕೊಪೀಟ್ ಇಟ್ಟಿಗೆ ತರಿಸುತ್ತಿರುತ್ತಾರೆ. ಇದಕ್ಕಿಂತ ದೊಡ್ಡ ಅವಿವೇಕ ನನಗೆ ಕಂಡಿಲ್ಲ. ತೆಂಗಿನ ನಾರಿನ ಪುಡಿ ನೀರು ಹೀರುವುದರಲ್ಲಿ ಎತ್ತಿದ ಕೈ, ಕೊಳೆಯುವುದರಲ್ಲಿ ಸೋಮಾರಿ. ಎಲೆ ಸಿಗದ ಮಳೆಗಾಲಕ್ಕೆ ಸರಿ, ಮಾರ್ಚ್ ತಿಂಗಳಲ್ಲಿ ಅದನ್ನು ಕೊಳ್ಳುವವರಿಗೆ ಕಿಟಕಿಯಿಂದ ಇಣುಕುವ ಅಭ್ಯಾಸವಿಲ್ಲ ಎಂದಷ್ಟೇ ಹೇಳಬಲ್ಲೆ. ಡಬ್ಬದ ಜೊತೆ ಮಾರುವ ಜೀವಾಣು ಪುಡಿಗಳ ಮಾತೂ ಅಷ್ಟೇ. ಹಳೆಯ ಗೊಬ್ಬರ ಒಂದು ಹಿಡಿ, ಇಲ್ಲವಾದರೆ ಹುಳಿ ಮಜ್ಜಿಗೆ ಒಂದು ಲೋಟ ಸಾಕು. ಎಲೆಯ ಮೇಲೆ ಜೀವಾಣುಗಳು ಮೊದಲೇ ಕೂತಿರುತ್ತವೆ.

ಅಪಾರ್ಟ್‌ಮೆಂಟಿನವರಿಗೆ ಇನ್ನೊಂದು ಅನುಕೂಲವಿದೆ. ಮನೆಯ ಡಬ್ಬ ಚಿಕ್ಕದು, ಅದರೊಳಗೆ ಶಾಖ ನಿಲ್ಲುವುದಿಲ್ಲ. ಉದ್ದ, ಅಗಲ, ಎತ್ತರ ಒಂದೊಂದು ಮೀಟರಿನ ರಾಶಿಯಾದರೆ ಒಳಗಿನ ಬಿಸಿ 55 ಡಿಗ್ರಿ ದಾಟುತ್ತದೆ, ಕಳೆಬೀಜವೂ ಸಾಯುತ್ತದೆ. ಬರಿ ಎಲೆಯನ್ನೇ ತಂತಿಬಲೆಯ ಪಂಜರದಲ್ಲಿ ತುಂಬಿ ಆಗಾಗ ನೀರು ಚಿಮುಕಿಸಿ ಮರೆತರೂ ಆಯಿತು. ಆರು ತಿಂಗಳಿಂದ ಒಂದು ವರ್ಷದೊಳಗೆ ಎಲೆಗೊಬ್ಬರ ಸಿದ್ಧ. ಕುಂಡದ ಗಿಡಗಳಿಗೆ ಅದರಷ್ಟು ಹಗುರ, ಅದರಷ್ಟು ತೇವ ಹಿಡಿಯುವ ಮಣ್ಣು ನರ್ಸರಿಯಲ್ಲಿ ಸಿಗುವುದಿಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಹತ್ತಿರ ಎಲೆ ನಮಗೆ ಬೇಕು ಎಂದು ಹೇಳಿ, ಕೈಗೆ ನಾಲ್ಕು ಖಾಲಿ ಗೋಣಿಚೀಲ ಕೊಡಿ. ತುಂಬಿದ ಚೀಲಕ್ಕೆ ಇಷ್ಟು ಅಂತ ದುಡ್ಡನ್ನೂ ಕೊಡಿ, ಸಂಕೋಚ ಬೇಡ. ಕೊಕೊಪೀಟಿಗೆ ಸುರಿಯುವುದಕ್ಕಿಂತ ಅದು ಕಡಿಮೆಯೇ ಆಗುತ್ತದೆ.