ಕೊಳವೆಬಾವಿಯೂ ಕಾಯಿದೆಯೂ: ಭೀಮಾ–ಕೃಷ್ಣೆಯರ ನಡುನಾಡಿನಿಂದ ಒಂದು ವಿಮರ್ಶೆ

ಹೊಸ ಯಂತ್ರವೊಂದು ಸಮಾಜದಲ್ಲಿ ತಲೆದೋರಿದಾಗ ಶಾಸನವು ಅದನ್ನು ಹೇಗೆ ಎದುರುಗೊಳ್ಳುತ್ತದೆಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ರೈಲು, ತಂತಿ, ಗಣಕಯಂತ್ರ ಮೊದಲಾದವುಗಳ ಸಂಬಂಧವಾಗಿ ಚರ್ಚಿಸುತ್ತೇವೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಕ್ಕಲಿಗನ ಬಾಳಿನೊಳಗೆ ಇವೆಲ್ಲಕ್ಕಿಂತ ಆಳವಾಗಿ ಇಳಿದ ಯಂತ್ರವೆಂದರೆ ಕೊಳವೆಬಾವಿ ಕೊರೆಯುವ ಯಂತ್ರ. ಅದಕ್ಕೆ ನಮ್ಮ ಶಾಸನ ನೀಡಿದ ಉತ್ತರವು ಎಷ್ಟರಮಟ್ಟಿಗೆ ಸಮರ್ಪಕವಾಗಿದೆ ಎಂಬುದನ್ನು ಪರಿಶೀಲಿಸುವುದೇ ಈ ಕಿರುಲೇಖನದ ಉದ್ದೇಶ.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿದಿದ್ದರೂ ಈ ಸೀಮೆ ಬರಗಾಲಕ್ಕೆ ಹೆಸರಾದದ್ದು. ನೆಲದಡಿಯ ಬಹುಭಾಗ ಬಸಾಲ್ಟ್ ಶಿಲೆ; ಅದರ ಬಿರುಕುಗಳಲ್ಲಿಯೂ ಶಿಥಿಲವಾದ ಪದರುಗಳಲ್ಲಿಯೂ ಮಾತ್ರವೇ ನೀರು ನಿಲ್ಲುತ್ತದೆ. 1876–78ರ ಭೀಕರ ಕ್ಷಾಮದ ಅನಂತರ 1880ರ ಕ್ಷಾಮ ಆಯೋಗದ ವರದಿ ಬಂದಿತು. ತರುವಾಯ 1883ರ ಭೂಸುಧಾರಣಾ ಸಾಲದ ಕಾಯಿದೆಯನ್ವಯ ಬಾವಿ ತೋಡಲು ಸರಕಾರವೇ ತಗಾವಿ ಕೊಡುವಂತಾಯಿತು. ಅಂದಿನ ರಾಜನೀತಿ ಬಾವಿಗಳನ್ನು ಹೆಚ್ಚಿಸುವುದಾಗಿತ್ತೇ ಹೊರತು ನಿಯಂತ್ರಿಸುವುದಾಗಿರಲಿಲ್ಲ; ನಿಯಂತ್ರಣದ ಅಗತ್ಯವೂ ಇರಲಿಲ್ಲ. ಗುದ್ದಲಿ, ಸುತ್ತಿಗೆಗಳು ಬಂಡೆಗೆ ತಾಗಿದಲ್ಲಿ ಬಾವಿ ನಿಲ್ಲುತ್ತಿತ್ತು. ಎತ್ತಿನ ಜೋಡಿ ದಣಿದಾಗ ನೀರೆತ್ತುವುದು ನಿಲ್ಲುತ್ತಿತ್ತು. ಬರೆದಿಡದ ಕಾಯಿದೆಯೊಂದನ್ನು ಉಪಕರಣವೇ ನಡೆಸುತ್ತಿತ್ತೆಂದು ಹೇಳಬಹುದು.

ಬರೆದಿಟ್ಟ ಕಾಯಿದೆಯಾದರೋ ಬೇರೊಂದು ಮೂಲದಿಂದ ಬಂದಿತು. ತನ್ನ ನೆಲದಡಿಯಲ್ಲಿ ನಿಶ್ಚಿತ ಕಾಲುವೆಯಲ್ಲಿ ಹರಿಯದೆ ಇರುವ ನೀರನ್ನು ಭೂಮಾಲಿಕನು ತನ್ನ ಎಲ್ಲೆಯೊಳಗೆ ಎಷ್ಟು ಬೇಕಾದರೂ ಸಂಗ್ರಹಿಸಿಕೊಳ್ಳಬಹುದೆಂಬ ತತ್ತ್ವವನ್ನು 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆಯ 7ನೆಯ ಕಲಮು ಉದಾಹರಣೆಯ ರೂಪದಲ್ಲಿ ಅಂಗೀಕರಿಸಿತು. ಆಗ ಮುಂಬಯಿ ಇಲಾಖೆಯಲ್ಲಿದ್ದ ಈ ಜಿಲ್ಲೆಗೆ ಆ ಕಾಯಿದೆ ವಿಸ್ತರಿಸಿದ್ದು 1891ರಲ್ಲಿ. ಇದರ ಹಿಂದಿರುವುದು 1843ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಆಕ್ಟನ್ ಮತ್ತು ಬ್ಲಂಡೆಲ್ ಎಂಬವರ ವ್ಯಾಜ್ಯದಲ್ಲಿ ಕೊಟ್ಟ ತೀರ್ಪು. ಕಲ್ಲಿದ್ದಲ ಗಣಿಯಿಂದ ನೆರೆಯವನ ಬಾವಿ ಬತ್ತಿದರೂ ಅವನಿಗೆ ಪರಿಹಾರ ದೊರೆಯಲಿಲ್ಲ. ನೆಲದಡಿಯ ನೀರಿನ ಚಲನೆ ಕಣ್ಣಿಗೆ ಕಾಣದು, ಅದನ್ನು ಅರಿಯಲಾಗದು ಎಂಬುದು ಆ ತೀರ್ಪಿನ ಮುಖ್ಯ ಆಧಾರಗಳಲ್ಲೊಂದು. ಎಂದರೆ ಭೂಮಾಲಿಕನ ಈ ಹಕ್ಕು ಹುಟ್ಟಿದ್ದು ಅಂದಿನ ಅಜ್ಞಾನದಿಂದ. ಭೂಜಲಶಾಸ್ತ್ರ ಬೆಳೆದು, ನೀರಿನ ಮಟ್ಟವನ್ನು ವರ್ಷವರ್ಷವೂ ಅಳೆಯುವ ವ್ಯವಸ್ಥೆ ಬಂದ ಮೇಲೆ ಆ ಅಜ್ಞಾನ ತೊಲಗಿತು. ಅದರ ಮೇಲೆ ನಿಂತ ಹಕ್ಕು ಮಾತ್ರ ಉಳಿಯಿತು.

1966–67ರ ಬಿಹಾರದ ಬರಗಾಲದ ಕಾಲದಲ್ಲಿ ಗಟ್ಟಿಶಿಲೆಯನ್ನು ಕೊರೆಯುವ ವಾಯುಒತ್ತಡದ ಯಂತ್ರಗಳನ್ನು ಯುನಿಸೆಫ್ ಸಂಸ್ಥೆ ಭಾರತಕ್ಕೆ ತರಿಸಿತು. ಕುಡಿಯುವ ನೀರಿಗೆಂದು ಬಂದ ಯಂತ್ರ ಕ್ರಮೇಣ ಹೊಲಕ್ಕೆ ಇಳಿಯಿತು. ಬಂಡೆ ತಡೆಯಾಗಲಿಲ್ಲ, ವಿದ್ಯುತ್ ಪಂಪು ದಣಿಯಲಿಲ್ಲ. ಕೇಂದ್ರ ಸರಕಾರವು ಅಂತರ್ಜಲ ನಿಯಂತ್ರಣದ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಿದ್ದು 1970ರಲ್ಲಿ. ಅದನ್ನು 1992, 1996 ಮತ್ತು 2005ರಲ್ಲಿ ಪರಿಷ್ಕರಿಸಿತು. ಕರ್ನಾಟಕವು 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ ಒಂದು ಕಾಯಿದೆಯನ್ನೂ, 2011ರಲ್ಲಿ ಅಂತರ್ಜಲದ ಸಮಗ್ರ ನಿಯಂತ್ರಣಕ್ಕೆ ಮತ್ತೊಂದನ್ನೂ ರಚಿಸಿತು. ಮೊದಲ ಮಾದರಿಗೂ ಈ ಎರಡನೆಯ ಕಾಯಿದೆಗೂ ನಡುವೆ 41 ವರ್ಷಗಳ ಅಂತರವಿದೆ.

2011ರ ಕಾಯಿದೆಯ ಗುಣವನ್ನು ಅಲ್ಲಗಳೆಯಲಾಗದು. ಅದು ಪ್ರಾಧಿಕಾರವೊಂದನ್ನು ಸ್ಥಾಪಿಸಿತು. ಅಧಿಸೂಚಿತ ಪ್ರದೇಶದಲ್ಲಿ ಹೊಸ ಬಾವಿಗೆ ಅನುಮತಿಯನ್ನೂ, ಹಳೆಯ ಬಳಕೆದಾರರಿಗೂ ಕೊರೆಯುವ ಸಂಸ್ಥೆಗಳಿಗೂ ನೋಂದಣಿಯನ್ನೂ ವಿಧಿಸಿತು. ಆದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಒಂದನೆಯದು: ಮೊದಲೇ ಕೊರೆಸಿದವನಿಗೆ ನೋಂದಣಿ, ತಡವಾಗಿ ಬಂದವನಿಗೆ ಅನುಮತಿಯ ಪರೀಕ್ಷೆ ಎಂಬ ಕ್ರಮದಲ್ಲಿ ಮುಂಚೆ ಹಣವುಳ್ಳವನು ಗಳಿಸಿದ ಅನುಕೂಲವೇ ಹಕ್ಕಿನಂತೆ ಸ್ಥಿರವಾಗುವ ಭಯವಿದೆ. ಎರಡನೆಯದು: 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತನ್ನು ಒದಗಿಸಿದ ಸರಕಾರವೇ ಮೂರು ವರ್ಷಗಳ ಮೇಲೆ ನೀರೆತ್ತುವುದಕ್ಕೆ ಮಿತಿ ಹಾಕಹೊರಟಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ತಡೆಯುವಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಕೊಡುವ ಕೈಯೇ.

ಈ ವಿಚಾರ ಕೇವಲ ಗ್ರಂಥಸ್ಥವಲ್ಲವೆಂಬುದನ್ನು 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣ ಗ್ರಾಮದ ಘಟನೆ ತೋರಿಸಿಕೊಟ್ಟಿತು. ಬಾಯಿ ತೆರೆದ ಕೊಳವೆಬಾವಿಗೆ ಬಿದ್ದ ಎರಡು ವರ್ಷವೂ ತುಂಬದ ಕೂಸನ್ನು ಸುಮಾರು 20 ತಾಸುಗಳ ತರುವಾಯ ಜೀವಂತವಾಗಿ ಮೇಲೆತ್ತಲಾಯಿತು. ನಾಡು ಹರ್ಷಪಟ್ಟಿತು, ಹರ್ಷಪಡತಕ್ಕದ್ದೇ. ಆದರೆ ಇಂಥ ಬಾವಿಗಳ ಬಗೆಗೆ ಸರ್ವೋಚ್ಚ ನ್ಯಾಯಾಲಯವು 2010ರ ಫೆಬ್ರುವರಿಯಲ್ಲಿಯೇ ನಿರ್ದೇಶನ ಕೊಟ್ಟು, ಆಗಸ್ಟಿನಲ್ಲಿ ಅದನ್ನು ಪರಿಷ್ಕರಿಸಿತ್ತು. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಸೂಚನೆ, ಸುತ್ತ ಬೇಲಿ, ಕೊಳವೆಯ ಬಾಯಿಗೆ ಉಕ್ಕಿನ ಮುಚ್ಚಳ, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು ಕಲ್ಲುಗಳಿಂದ ತುಂಬುವುದು—ಎಲ್ಲವೂ ಅದರಲ್ಲಿದ್ದವು. 14 ವರ್ಷಗಳಾದರೂ ನಿರ್ದೇಶನವು ಹೊಲದ ಬದುವಿನವರೆಗೆ ನಡೆದುಬಂದಿರಲಿಲ್ಲ. ಲಚ್ಯಾಣದ ಬಳಿಕ ಅದೇ ವರ್ಷ, ಮುಚ್ಚದೆ ಬಿಟ್ಟವರನ್ನು ಶಿಕ್ಷಿಸುವ ತಿದ್ದುಪಡಿ ಮಸೂದೆಯನ್ನು ವಿಧಾನಮಂಡಲದಲ್ಲಿ ಮಂಡಿಸಲಾಯಿತು.

ಶಿಕ್ಷೆ ಅವಶ್ಯವೇ. ಆದರೆ ಬತ್ತಿದ ಬೋರುಗಳು ಹುಟ್ಟುವುದೇಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನೆರೆಯವನು ಇನ್ನೂ ಆಳಕ್ಕೆ ಹೋದಾಗ ನನ್ನ ಬೋರು ಬತ್ತುತ್ತದೆ. ನಾನು ಮತ್ತೊಂದನ್ನು ಕೊರೆಸುತ್ತೇನೆ. ಹಳೆಯದು ಹೊಲದಲ್ಲಿ ರಂಧ್ರವಾಗಿ ಉಳಿಯುತ್ತದೆ. 1843ರ ವ್ಯಾಜ್ಯವೇ ಬದುವಿನಿಂದ ಬದುವಿಗೆ ಮರಳಿ ನಡೆಯುತ್ತಿದೆ. ನಮ್ಮ ಶಾಸನವು ಕಣ್ಣಿಗೆ ಕಾಣುವ ಬಾಯಿಯನ್ನು ಮುಚ್ಚಲು ಕಲಿಯುತ್ತಿದೆ. ಕಾಣದ ನೀರನ್ನು ಹಂಚಲು ಇನ್ನೂ ಕಲಿತಿಲ್ಲ. ನ್ಯಾಯಾಲಯಗಳಲ್ಲಿಯೂ ಈ ಸಂದಿಗ್ಧವಿದೆ. ಕೇರಳದ ಪ್ಲಾಚಿಮಡದ ಪ್ರಕರಣದಲ್ಲಿ 2003ರಲ್ಲಿ ಏಕ ನ್ಯಾಯಾಧೀಶರು ಅಂತರ್ಜಲವನ್ನು ಸಾರ್ವಜನಿಕ ನ್ಯಾಸವೆಂದು ಕರೆದರೆ, 2005ರಲ್ಲಿ ಅದೇ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು.

ರೈತನನ್ನೇ ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಆಲಮಟ್ಟಿಯಲ್ಲಿ ಲಾಲಬಹಾದುರ ಶಾಸ್ತ್ರಿಗಳು ಶಿಲಾನ್ಯಾಸ ಮಾಡಿದ್ದು 1964ರಲ್ಲಿ. ಅಣೆಕಟ್ಟು ಮುಗಿಯಲು, ಕಾಲುವೆ ಚಾಚಲು ದಶಕಗಳೇ ಹಿಡಿದವು. ಅಷ್ಟು ಕಾಲ ಇಂಡಿಯ ನಿಂಬೆಯ ಗಿಡ ಕಾಯಲಾರದು. ನದಿಯ ನೀರು ನ್ಯಾಯಮಂಡಳಿಯ ಮುಂದೆ ಅಳತೆಗೊಳ್ಳುತ್ತಿದ್ದಾಗ ಕಾಲಡಿಯ ನೀರಿಗೆ ಅಳತೆಯೇ ಇರಲಿಲ್ಲ.

ಆದುದರಿಂದ ಬಾವಿಯ ಎಣಿಕೆಗಿಂತ ನೀರಿನ ಎಣಿಕೆ ಮೊದಲಾಗಬೇಕು. ಅದು ಗ್ರಾಮದ ಮಟ್ಟದಲ್ಲಿ, ಗ್ರಾಮಸ್ಥರ ಕಣ್ಣೆದುರಿನಲ್ಲಿ ಆಗಬೇಕು. ಇದರಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೂ ಪಾಲಿದೆ. ತಗಾವಿಯ ಹಳೆಯ ಕಾಗದಗಳು, ಪಹಣಿಯ ನಮೂದುಗಳು, ಯಾವ ವರ್ಷ ಯಾವ ಬಾವಿ ಎಷ್ಟು ಆಳದಲ್ಲಿ ಬತ್ತಿತೆಂಬ ಹಿರಿಯರ ನೆನಪು—ಇವನ್ನು ಊರೂರಿಗೆ ಕಲೆಹಾಕಿದರೆ ಶಾಸನಕರ್ತರ ಕೈಗೆ ದೊರೆಯದ ಸಾಮಗ್ರಿ ಸಿದ್ಧವಾದೀತು. ಅರಿಯಲಾಗದೆಂಬ ನೆಪದಿಂದ ಹುಟ್ಟಿದ ಹಕ್ಕನ್ನು ತಿದ್ದಲು ಅರಿವೇ ಮೊದಲ ಸಾಧನ. ಆ ಕೆಲಸವನ್ನು ಈ ನಾಲ್ಕು ತಾಲೂಕುಗಳ ಕಾಲೇಜುಗಳು ಕೈಗೊಳ್ಳುವುದು ಉಚಿತ.