ಐರನ್ ಬಿಸಿಯಾಗುವ ಮುನ್ನ

ಕೆಟ್ಟ ಬೋರ್ಡ್ ಮೇಜಿನ ಮೇಲೆ ಬಿದ್ದ ಕೂಡಲೇ ಸೋಲ್ಡರಿಂಗ್ ಐರನ್ನಿನ ಸ್ವಿಚ್ ಒತ್ತುವವರ ಕೈಗೆ ನಾನು ಬೋರ್ಡ್ ಕೊಡುವುದಿಲ್ಲ. ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಬೋರ್‌ವೆಲ್ ಪಕ್ಕದ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆದು ನೋಡಿ, ಒಳಗೆ ಅಂಗೈಯಗಲದ ಬೋರ್ಡ್ ಸಿಗುತ್ತದೆ. ಕರೆಂಟ್ ಬಂದಾಗ ಮೋಟಾರನ್ನು ತಾನೇ ಚಾಲೂ ಮಾಡುವುದು, ಮೂರು ಫೇಸಿನಲ್ಲಿ ಒಂದು ಹೋದರೆ ನಿಲ್ಲಿಸುವುದು ಅದರ ಕೆಲಸ. ಅದು ಕೆಟ್ಟು ರಿಪೇರಿ ಅಂಗಡಿಗೆ ಬಂದಾಗ ಸಾಮಾನ್ಯವಾಗಿ ಆಗುವುದಿಷ್ಟೇ: ಬೋರ್ಡ್ ಮಗುಚಿ, ಅನುಮಾನ ಬಂದ ಕಡೆಯೆಲ್ಲ ಸೋಲ್ಡರ್ ತಂತಿ ಸೋಕಿಸಿ ಕರಗಿಸುತ್ತಾರೆ. ಬೋರ್ಡ್ ಓಡುತ್ತದೆ, ದುಡ್ಡು ಕೊಟ್ಟು ಮನೆಗೆ ಹೋಗುತ್ತೇವೆ. ಯಾಕೆ ನಿಂತಿತ್ತು ಎಂಬುದರ ಗುರುತು ತವರದ ಜೊತೆಗೇ ಕರಗಿಹೋಗಿರುತ್ತದೆ. ಮುಂದಿನ ಬೇಸಿಗೆಗೆ ಅದೇ ಬೋರ್ಡ್, ಅದೇ ಮೇಜು.

ಗುರುತು ಹುಡುಕಲು ದೊಡ್ಡ ಯಂತ್ರ ಬೇಡ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಓರೆಯಾಗಿ ಬೀಳುವ ಬೆಳಕು ಸಾಕು. ರಿಲೇ, ಟ್ರಾನ್ಸ್‌ಫಾರ್ಮರ್, ಕನೆಕ್ಟರ್ ಹೀಗೆ ತೂಕವಿರುವ ಸಾಮಾನುಗಳ ಕಾಲುಗಳನ್ನು ಮೊದಲು ನೋಡಬೇಕು. ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಂಡರೆ ಬೆಸುಗೆ ಬಿರಿದಿದೆ. ಕಂದು ಬಣ್ಣದ ಅಗ್ಗದ ಬೋರ್ಡುಗಳಲ್ಲಿ ತಾಮ್ರ ಒಂದೇ ಬದಿಗಿರುತ್ತದೆ, ತೂತಿನ ಒಳಗೋಡೆಗೆ ಲೋಹದ ಲೇಪ ಇರುವುದಿಲ್ಲ. ಕಾಲನ್ನು ಹಿಡಿದಿರುವುದು ತುದಿಯ ಆ ಒಂದು ಚೂರು ಬೆಸುಗೆ ಮಾತ್ರ. ಕಾಂಟ್ಯಾಕ್ಟರ್ ಖಟ್ ಎಂದಾಗಲೆಲ್ಲ ಪೆಟ್ಟಿಗೆ ಅದುರುತ್ತದೆ. ಹಗಲು ತಗಡಿನ ಕಾವಿಗೆ ಎಲ್ಲ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಅಷ್ಟು ತೂಕಕ್ಕೆ ಬೇರೆ ಆಸರೆ ಕೊಡದೆ ಬಿಟ್ಟವರ ತಪ್ಪಿಗೆ ಬೆಸುಗೆ ಬೈಸಿಕೊಳ್ಳುತ್ತದೆ. ಹಳೆಯ ತವರವನ್ನು ಪೂರ್ತಿ ಹೀರಿ ತೆಗೆದು, ಕಾಲು ಕೆರೆದು, ಹೊಸದು ಹಾಕಿ, ಟ್ರಾನ್ಸ್‌ಫಾರ್ಮರನ್ನು ಸ್ಕ್ರೂ ಹಾಕಿ ಬಿಗಿದು, ಬೋರ್ಡಿನ ಕೆಳಗೆ ರಬ್ಬರ್ ಬುಷ್ ಕೊಟ್ಟರೆ ಅದು ರಿಪೇರಿ.

ಉಂಗುರವಿಲ್ಲದೆ ತವರ ಮಣಿಯ ಹಾಗೆ ಗುಂಡಗೆ ಕೂತಿದ್ದರೆ ಕಥೆ ಬೇರೆ. ಅದು ಹುಟ್ಟಿನಿಂದಲೇ ಹತ್ತಿಲ್ಲ. ಬೆಸುಗೆ ಹಾಕುವಾಗ ತಾಮ್ರಕ್ಕೆ ಬಿಸಿ ಸಾಲದೆ ಹೋಗಿದೆ, ಇಲ್ಲವೇ ತಾಮ್ರ ಕೊಳೆಯಾಗಿತ್ತು. ಅಂಗಡಿಯಲ್ಲಿ ಎರಡಕ್ಕೂ ಡ್ರೈ ಸೋಲ್ಡರ್ ಎಂದೇ ಬಿಲ್ ಬರೆಯುತ್ತಾರೆ.

ಬೇಲೂರು ದಾಟಿ ಕಾಫಿ ತೋಟಗಳ ಕಡೆ ಇಳಿದರೆ ಬೋರ್ಡುಗಳ ಕಾಯಿಲೆಯೇ ಬದಲಾಗುತ್ತದೆ. ಆನೆ ತಡೆಯುವ ಸೋಲಾರ್ ಬೇಲಿಯ ಪೆಟ್ಟಿಗೆ ಮಳೆಗಾಲದಲ್ಲಿ ಸತ್ತರೆ ಉಂಗುರ ಹುಡುಕಬೇಡಿ, ಹಸಿರು ಹುಡುಕಿ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಎರಚಿ ತವರ ಹರಡುವುದನ್ನು ನೋಡಿದ್ದೀರಲ್ಲ, ಇಲ್ಲಿಯ ರಸಾಯನವೂ ಅದೇ. ಕಿಲುಬು ಬಿಡಿಸದೆ ತಾಮ್ರಕ್ಕೆ ತವರ ಹತ್ತುವುದಿಲ್ಲ. ಪಾತ್ರೆಯನ್ನಾದರೆ ಆಮೇಲೆ ತೊಳೆಯುತ್ತಾರೆ, ಬೋರ್ಡನ್ನು ತೊಳೆಯುವವರು ಕಡಿಮೆ. ಆಮ್ಲದ ಪೇಸ್ಟ್ ಬಳಿದು ಹಾಗೇ ಬಿಟ್ಟರೆ ಅದು ಗಾಳಿಯ ಪಸೆ ಹೀರಿ, ಎರಡು ಗೆರೆಗಳ ನಡುವೆ ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತದೆ. ರಾಳ ತುಂಬಿದ ತಂತಿಯನ್ನೇ ಬಳಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಷ್ ಅದ್ದಿ ತೊಳೆದು, ಒಣಗಿಸಿ, ಮೇಲೆ ವಾರ್ನಿಷ್ ಬಳಿಯುವುದೇ ಮದ್ದು.

ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಬಿಇಎಲ್‌ನಿಂದ ಹಿಡಿದು ಮೈಸೂರಿನ ಕೇನ್ಸ್‌ವರೆಗೆ ಬೋರ್ಡ್ ಜೋಡಿಸುವುದೇ ನಮ್ಮ ರಾಜ್ಯದಲ್ಲೊಂದು ದೊಡ್ಡ ಉದ್ಯಮ. ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗಗಳನ್ನು ಯಂತ್ರ ಇಟ್ಟು, ಉದ್ದನೆಯ ಒಲೆ ಬೇಯಿಸುವ ಯಾವುದೇ ಲೈನಿನಲ್ಲೂ ಒಂದು ತರಲೆ ತಪ್ಪಿದ್ದಲ್ಲ. ಒಲೆಯಿಂದ ಹೊರಬಂದ ಬೋರ್ಡಿನಲ್ಲಿ ಕೆಲವು ಚಿಪ್ಪುಗಳು ಒಂದು ಕಾಲೆತ್ತಿ, ಊರಾಚೆಯ ವೀರಗಲ್ಲಿನಂತೆ ನೆಟ್ಟಗೆ ನಿಂತಿರುತ್ತವೆ. ಒಂದು ತುದಿಯ ತವರದ ಪೇಸ್ಟ್ ಮೊದಲು ಕರಗಿ ಎಳೆದಿದೆ, ಇನ್ನೊಂದು ತುದಿ ಇನ್ನೂ ಕರಗಿರಲಿಲ್ಲ. ಆ ತುದಿಗೆ ಅಗಲವಾದ ತಾಮ್ರ ಅಂಟಿಕೊಂಡು ಬಿಸಿಯನ್ನೆಲ್ಲ ನುಂಗಿರಬಹುದು. ಪೇಸ್ಟ್ ಅಚ್ಚೊತ್ತುವ ಸ್ಟೆನ್ಸಿಲಿನ ಕಿಂಡಿ ಕಟ್ಟಿಕೊಂಡು ಅದು ಕಡಿಮೆ ಬಿದ್ದಿರಬಹುದು. ಇನ್ನು ಬೋರ್ಡಿನ ತುಂಬ ಸಣ್ಣ ತವರದ ಗುಂಡುಗಳು ಸಿಡಿದಿದ್ದರೆ, ಫ್ರಿಜ್ಜಿನಿಂದ ತೆಗೆದ ಪೇಸ್ಟ್ ಡಬ್ಬಿಯ ತಣುಪು ಆರುವ ಮುನ್ನವೇ ಮುಚ್ಚಳ ಬಿಚ್ಚಿದ್ದಾರೆಯೇ ಎಂದು ವಿಚಾರಿಸಬೇಕು. ಆದರೆ ಲೈನಿನ ಕೊನೆಯಲ್ಲಿ ಐರನ್ ಹಿಡಿದು ಕೂತ ಜಾಣ ಕೈಯೊಂದು ನಿಂತ ಚಿಪ್ಪನ್ನು ಮಲಗಿಸಿಬಿಡುತ್ತದೆ. ಬೋರ್ಡ್ ಪಾಸ್. ಸ್ಟೆನ್ಸಿಲ್ ಕಟ್ಟಿಕೊಂಡೇ ಇರುತ್ತದೆ.

ಹೊಳೆಯುವ ಬೆಸುಗೆಯೇ ಒಳ್ಳೆಯ ಬೆಸುಗೆ ಎಂಬ ಹಳೆಯ ಪಾಠವನ್ನೂ ಈಗ ಬದಿಗಿಡಬೇಕು. 63 ಪಾಲು ತವರ, 37 ಪಾಲು ಸೀಸ ಸೇರಿದ್ದು 183 ಡಿಗ್ರಿಗೆ ಕರಗಿ ಫಳಫಳ ಹೊಳೆಯುತ್ತಿತ್ತು. 2006ರಲ್ಲಿ ಯುರೋಪ್ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಹರಡಿದ ತವರ, ಬೆಳ್ಳಿ, ತಾಮ್ರದ ಮಿಶ್ರಣ ಕರಗಲು 217 ಡಿಗ್ರಿ ದಾಟಬೇಕು, ಚೆನ್ನಾಗಿ ಹತ್ತಿದ್ದರೂ ಮಂಕಾಗಿಯೇ ಕಾಣುತ್ತದೆ. ತವರ ಅಂಚಿನವರೆಗೆ ತೆಳ್ಳಗೆ ಹರಿದಿದೆಯೇ ಎಂಬುದನ್ನಷ್ಟೇ ನೋಡಿ.

ಐರನ್ ಇಲ್ಲದೆ ದೋಷ ಹುಡುಕುವವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 36,000 ಕಿ.ಮೀ. ಎತ್ತರದ ಉಪಗ್ರಹದ ಬೋರ್ಡನ್ನು ಮಗುಚಿ ಕರಗಿಸುವುದು ಯಾರಿಂದಲೂ ಆಗದು, ಕೆಳಗೆ ಬರುವ ಅಂಕಿಗಳನ್ನು ಓದಿಯೇ ಕಾರಣ ಹೇಳಬೇಕು. 1998ರ ಮೇನಲ್ಲಿ ಅಮೆರಿಕದ ಗ್ಯಾಲಕ್ಸಿ-4 ಉಪಗ್ರಹ ಕೈಕೊಟ್ಟು ಆ ದೇಶದ ಬಹುಪಾಲು ಪೇಜರ್‌ಗಳು ಮೂಕವಾದಾಗ, ಅಪ್ಪಟ ತವರದಿಂದ ತಾನೇ ಬೆಳೆಯುವ ಕೂದಲಿನಂಥ ಎಳೆಗಳೇ ಕಾರಣವೆಂದು ತಜ್ಞರು ನೆಲದ ಮೇಲೆ ಕೂತೇ ತೀರ್ಮಾನಿಸಿದರು. ಬಾಹ್ಯಾಕಾಶದವರು ಇಂದಿಗೂ ಸೀಸ ಬೆರೆಸಿದ ಬೆಸುಗೆಯನ್ನು ಬಿಡಲು ಹಿಂಜರಿಯುವುದು ಇದಕ್ಕೇ.

ನನ್ನ ಬೇಡಿಕೆ ಅಷ್ಟು ಎತ್ತರದ್ದಲ್ಲ. ರಿಪೇರಿ ಮಾಡಿದವರು ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಮಾರ್ಕರಿನಲ್ಲಿ ಎರಡು ಸಾಲು ಬರೆಯಲಿ: ತಾರೀಖು, ಯಾವ ಕಾಲು, ಉಂಗುರವೋ ಮಣಿಯೋ ಹಸಿರೋ. ಬಳ್ಳಿಗಾವಿಯ ಶಿಲ್ಪಿ ದಾಸೋಜ ಬೇಲೂರಿನ ಮದನಿಕೆಯ ಕೆಳಗೆ ತನ್ನ ಹೆಸರು ಕೆತ್ತಲು ನಾಚಲಿಲ್ಲ, ನಮ್ಮ ಮೆಕ್ಯಾನಿಕ್‌ಗಳೂ ಕೆಳಗೊಂದು ಸಹಿ ಹಾಕಲಿ. ಎರಡನೇ ಸಲ ಅದೇ ರಿಲೇಯ ಅದೇ ಕಾಲು ಬಿರಿದು ಬಂದರೆ, ಆಗ ತವರದ ತಂತಿ ಕೆಳಗಿಟ್ಟು ಸ್ಕ್ರೂ ಡ್ರೈವರ್ ಎತ್ತಿಕೊಳ್ಳಬಹುದು.